ಒಬ್ಬನೇ ಇರುವಂತಿಲ್ಲದ ಎರಡು ವರ್ಷ

ಬಚ್ಚಲುಮನೆ ಬಿಟ್ಟರೆ ಬೇರೆಲ್ಲೂ ಒಬ್ಬನೇ ಇರುವಂತಿಲ್ಲ. ಮಾರ್ಮನ್ ಮಿಷನರಿ ಹುಡುಗರಿಗಿರುವ ನೂರೆಂಟು ಕಟ್ಟಳೆಗಳಲ್ಲಿ ನನ್ನ ತಲೆಯೊಳಗೆ ಹೊಕ್ಕು ಕೂತದ್ದು ಇದೊಂದೇ. ಕಾಫಿ ಕುಡಿಯಬಾರದು, ಸಿನಿಮಾ ನೋಡಬಾರದು, ಹುಡುಗಿಯರ ಜೊತೆ ಓಡಾಡಬಾರದು ಅನ್ನುವುದೆಲ್ಲ ಅರ್ಥವಾಗುತ್ತೆ. ನಮ್ಮ ಕಾಲದ ಹಾಸ್ಟೆಲ್ ವಾರ್ಡನ್ನುಗಳೂ ಇಂಥದ್ದನ್ನೇ ಹೇಳುತ್ತಿದ್ದರು, ನಾವು ಹಿಂದಿನ ಗೇಟಿನಿಂದ ಹೋಗುತ್ತಿದ್ದೆವು. ಆದರೆ ಹದಿನೆಂಟು ತುಂಬಿದ ಹುಡುಗನೊಬ್ಬ ಎರಡು ವರ್ಷ ಪೂರ್ತಿ ಇನ್ನೊಬ್ಬ ಹುಡುಗನ ಕಣ್ಣಿಗೆ ಕಾಣುವಷ್ಟು, ಕಿವಿಗೆ ಕೇಳುವಷ್ಟು ಹತ್ತಿರದಲ್ಲೇ ಇರಬೇಕು, ಮಲಗುವುದೂ ಒಂದೇ ಕೋಣೆಯಲ್ಲಿ ಅಂದರೆ? ಆ ಇನ್ನೊಬ್ಬನನ್ನು ಇವನು ಆರಿಸಿಕೊಂಡಿರುವುದಿಲ್ಲ. ಅವನ ಹೆಸರು ಹಿಡಿದು ಕರೆಯುವ ಹಾಗೂ ಇಲ್ಲ, ಇಬ್ಬರೂ ಒಬ್ಬರಿಗೊಬ್ಬರು ‘ಎಲ್ಡರ್’ ಇಂಥವರು, ಮನೆತನದ ಹೆಸರು ಮಾತ್ರ. ಈ ಜೊತೆಗಾರನನ್ನು ಕಂಪ್ಯಾನಿಯನ್ ಅನ್ನುತ್ತಾರೆ. ಆರು ವಾರಕ್ಕೊಮ್ಮೆ ವರ್ಗಾವಣೆಯ ಪಟ್ಟಿ ಬರುತ್ತೆ, ಒಗ್ಗಿಕೊಂಡಿದ್ದವನು ಹೋಗಿ ಇನ್ನೊಬ್ಬ ಬರಬಹುದು.

ನಾವಿರುವುದು ಅಮೆರಿಕದ ಯೂಟಾ ರಾಜ್ಯದ ಸಾಲ್ಟ್ ಲೇಕ್ ಕಣಿವೆಯ ದಕ್ಷಿಣದ ಕಡೆ. ಬೀದಿಯಲ್ಲಿ ನಮ್ಮದನ್ನೂ ಇನ್ನೊಂದೆರಡನ್ನೂ ಬಿಟ್ಟರೆ ಎಲ್ಲವೂ ಮಾರ್ಮನ್ ಚರ್ಚಿಗೆ ಸೇರಿದವರ ಮನೆಗಳೇ. (ಮಾರ್ಮನ್ ಅನ್ನುವ ಹೆಸರು ಅವರಿಗೀಗ ಬೇಡ. 2018ರಲ್ಲಿ ಆಗಿನ ಅಧ್ಯಕ್ಷ ರಸೆಲ್ ಎಂ. ನೆಲ್ಸನ್ ‘ದಿ ಚರ್ಚ್ ಆಫ್ ಜೀಸಸ್ ಕ್ರೈಸ್ಟ್ ಆಫ್ ಲ್ಯಾಟರ್-ಡೇ ಸೇಂಟ್ಸ್’ ಅಂತ ಪೂರ್ತಿ ಹೆಸರನ್ನೇ ಬಳಸಿ ಎಂದರು. ಪಕ್ಕದ ಮನೆಯವರ ಎದುರು ನಾನೂ ಆ ಮಾತು ಮೀರುವುದಿಲ್ಲ. ಇಲ್ಲಿ ಓದುವವರಿಗೆ ಗೊತ್ತಿರುವ ಹೆಸರು ಮಾರ್ಮನ್ ಆದ್ದರಿಂದ ಅದನ್ನೇ ಬರೆಯುತ್ತಿದ್ದೇನೆ.) ಪಕ್ಕದ ಮನೆಯ ಹುಡುಗ ನಮ್ಮ ಅಂಗಳದ ಹುಲ್ಲು ಕತ್ತರಿಸಿಕೊಡುತ್ತಿದ್ದ. ಸ್ಕೂಲ್ ಬಸ್ಸು ಬಂದು ಹಾರ್ನ್ ಹೊಡೆದ ಮೇಲೆ ಒಂದು ಕಾಲಿಗೆ ಬೂಟು ಹಾಕಿಕೊಂಡು, ಇನ್ನೊಂದನ್ನು ಕೈಯಲ್ಲಿ ಹಿಡಿದು ಓಡುತ್ತಿದ್ದವನು. ಅವನು ಮಿಷನ್‌ಗೆ, ಅಂದರೆ ಎರಡು ವರ್ಷದ ಧರ್ಮಪ್ರಚಾರದ ಸೇವೆಗೆ, ಹೋಗಿ ಬಂದದ್ದನ್ನು ಹತ್ತಿರದಿಂದ ನೋಡಿದ್ದರಿಂದ ಈ ಬರಹ.

ಕರೆ ಬಂದ ಸಂಜೆ

ಮಿಷನ್ ಎಲ್ಲಿಗೆ ಅಂತ ತಿಳಿಸುವ ಕರೆಯ ಪತ್ರ ಮೊದಲೆಲ್ಲ ದೊಡ್ಡ ಬಿಳಿ ಲಕೋಟೆಯೊಳಗೆ ಅಂಚೆಯಲ್ಲಿ ಬರುತ್ತಿತ್ತಂತೆ. 2018ರಿಂದೀಚೆಗೆ ಆನ್‌ಲೈನಿನಲ್ಲೇ ಬರುತ್ತೆ. ಲಕೋಟೆ ಹೋದರೂ ಲಕೋಟೆ ಒಡೆಯುವ ಸಂಭ್ರಮ ಹೋಗಿಲ್ಲ. ಪತ್ರ ಬಂದಿದೆ ಅಂತ ಗೊತ್ತಾದ ಮೇಲೂ ತೆರೆಯದೆ, ಸಂಜೆಯವರೆಗೆ ಕಾದು, ನೆಂಟರಿಷ್ಟರು, ಅಕ್ಕಪಕ್ಕದವರು, ಸ್ಕೂಲಿನ ಗೆಳೆಯರು ಎಲ್ಲ ಸೇರಿದ ಮೇಲೆ ಗಟ್ಟಿಯಾಗಿ ಓದಬೇಕು. ನಮ್ಮನ್ನೂ ಕರೆದಿದ್ದರು. ಗೋಡೆಗೆ ದೊಡ್ಡ ಭೂಪಟ ಅಂಟಿಸಿ, ಬಂದವರಿಗೆಲ್ಲ ಒಂದೊಂದು ಬಣ್ಣದ ಚುಕ್ಕಿ ಸ್ಟಿಕ್ಕರ್ ಕೊಟ್ಟಿದ್ದರು. ಹುಡುಗ ಎಲ್ಲಿಗೆ ಹೋಗುತ್ತಾನೆ ಅಂತ ನಿಮ್ಮ ಊಹೆಯೋ ಅಲ್ಲಿಗೆ ಅಂಟಿಸಿ. ಪೆರು, ಜಪಾನ್, ಫಿಲಿಪೀನ್ಸ್ ಮೇಲೆ ಜಾಗವೇ ಉಳಿದಿರಲಿಲ್ಲ. ನಾನು ಊರಭಿಮಾನಕ್ಕೆ ಬೆಂಗಳೂರಿಗೆ ಅಂಟಿಸಿದೆ. ಅವನ ಸೋದರಮಾವ ಕೂಡಲೇ, ‘ಬೆಂಗಳೂರು ಮಿಷನ್! 1993ರಿಂದ ಇದೆ, ಗೊತ್ತಲ್ಲ? ಈಗ ಟೆಂಪಲ್ಲೂ ಬರ್ತಾ ಇದೆ’ ಅಂದರು. 2018ರಲ್ಲಿ ಬೆಂಗಳೂರಿಗೆ ಇವರ ಚರ್ಚಿನ ಟೆಂಪಲ್ ಘೋಷಣೆಯಾದದ್ದು ನನಗಿಂತ ಮೊದಲು ಈ ಬೀದಿಯ ಅಜ್ಜಿಯರಿಗೆ ಗೊತ್ತಿತ್ತು. ಅಮೆರಿಕದ ಬೇರೆ ಕಡೆ ಬೆಂಗಳೂರು ಅಂದರೆ ಸಾಫ್ಟ್‌ವೇರು. ಇಲ್ಲಿ ಮಾತ್ರ ಬೆಂಗಳೂರು ಅಂದರೆ ಯಾರದೋ ಮೊಮ್ಮಗನಿಗೆ ಬರಬಹುದಾಗಿದ್ದ ಕರೆ.

ಹುಡುಗ ಎದ್ದು ನಿಂತು ಫೋನು ನೋಡಿ ಓದಿದ. ನೀನು ಮಿಷನರಿಯಾಗಿ ಸೇವೆಗೆ ಕರೆಯಲ್ಪಟ್ಟಿದ್ದೀಯ, ನಿನ್ನನ್ನು ನಿಯೋಜಿಸಿರುವುದು ನೆಬ್ರಾಸ್ಕಾ ಒಮಾಹಾ ಮಿಷನ್‌ಗೆ. ಇಂಗ್ಲಿಷ್ ಭಾಷೆಯಲ್ಲಿ.

ಅರೆಕ್ಷಣ ಯಾರೂ ಉಸಿರೆತ್ತಲಿಲ್ಲ. ಆಮೇಲೆ ಜೋರು ಚಪ್ಪಾಳೆ, ಆ ಅರೆಕ್ಷಣವನ್ನು ಮುಚ್ಚುವಷ್ಟು ಜೋರು. ನೆಬ್ರಾಸ್ಕಾ ಅಂದರೆ ಇಲ್ಲಿಂದ ಕಾರಿನಲ್ಲೇ ಹೋಗಬಹುದಾದ ರಾಜ್ಯ, ಮೈಲಿಗಟ್ಟಲೆ ಮೆಕ್ಕೆಜೋಳದ ಹೊಲ. ಭೂಪಟದಲ್ಲಿ ಅದರ ಹತ್ತಿರ ಒಂದು ಚುಕ್ಕಿಯೂ ಇರಲಿಲ್ಲ. ಹುಡುಗನ ಮುಖದಲ್ಲಿ ನಗು ಇತ್ತು, ಕಿವಿ ಕೆಂಪಾಗಿತ್ತು. ವಿಡಿಯೊ ಕಾಲಿನಲ್ಲಿದ್ದ ಅವನ ಅಜ್ಜಿ ಮಾತ್ರ ನಿಜವಾಗಿ ಅತ್ತರು. 1846ರಲ್ಲಿ ಇಲಿನಾಯ್ಸ್‌ನ ನಾವೂ ಅನ್ನುವ ಊರಿನಿಂದ ಹೊರಬಿದ್ದ ಇವರ ಹಿರೀಕರು ಆ ಚಳಿಗಾಲ ಕಳೆದದ್ದು ವಿಂಟರ್ ಕ್ವಾರ್ಟರ್ಸ್‌ನಲ್ಲಿ, ಅಂದರೆ ಇವತ್ತಿನ ಒಮಾಹಾದ ಉತ್ತರಕ್ಕಿರುವ ಫ್ಲಾರೆನ್ಸ್‌ನಲ್ಲಿ. ಕಾಯಿಲೆಗೆ, ಚಳಿಗೆ ನೂರಾರು ಜನ ಅಲ್ಲೇ ಸತ್ತರು. ಉಳಿದವರಲ್ಲಿ ಮೊದಲ ತಂಡ 1847ರ ಜುಲೈ 24ರ ಹೊತ್ತಿಗೆ ಈ ಕಣಿವೆಗೆ ಇಳಿದಿತ್ತು. ಆ ದಿನಕ್ಕೆ ಈಗಲೂ ಯೂಟಾದಲ್ಲಿ ರಜೆ, ರಾತ್ರಿಯಿಡೀ ಪಟಾಕಿ. ಅಜ್ಜಿಯ ಕಡೆಯ ಒಂದು ಮಗು ಆ ಸ್ಮಶಾನದಲ್ಲಿದೆಯಂತೆ. ಜಪಾನಿಗೆ ಹೋಗಿದ್ದರೆ ಅವರು ಅಳುತ್ತಿರಲಿಲ್ಲ ಅನ್ನಿಸುತ್ತೆ.

ಎಲ್ಲಿಗೆ ಹೋಗಬೇಕು ಅಂತ ಹುಡುಗನನ್ನು ಯಾರೂ ಕೇಳುವುದಿಲ್ಲ. ಸಾಲ್ಟ್ ಲೇಕ್‌ನಲ್ಲಿ ಹನ್ನೆರಡು ಜನ ಅಪೋಸ್ತಲರಿದ್ದಾರೆ, ಅವರಲ್ಲೊಬ್ಬರು ಪ್ರಾರ್ಥಿಸಿ ನಿರ್ಧರಿಸುತ್ತಾರೆ ಅನ್ನುವುದು ಇವರ ನಂಬಿಕೆ. ಕಾಲೇಜು ಆರಿಸಲು ಆರು ತಿಂಗಳು ಸ್ಪ್ರೆಡ್‌ಶೀಟು ಮಾಡುವ ಮನೆಗಳು ಇವು. ಬದುಕಿನ ಎರಡು ವರ್ಷವನ್ನು ಹೀಗೆ ಕಣ್ಣುಮುಚ್ಚಿ ಕೊಟ್ಟುಬಿಡುತ್ತಾರೆ. ನನಗೆ ಕೇಳಿದರೆ, ಇಡೀ ಮಿಷನ್ನಿನ ಅತ್ಯಂತ ಕಷ್ಟದ ಭಕ್ತಿ ಆ ಅರೆಕ್ಷಣದಲ್ಲೇ ಮುಗಿದುಹೋಯಿತು.

ಆರೂವರೆಯಿಂದ ಹತ್ತೂವರೆ

ಪ್ರೊವೊ ಊರಿನ ತರಬೇತಿ ಕೇಂದ್ರದಲ್ಲಿ ಸ್ವಲ್ಪ ದಿನ ಕಳೆದು ಹುಡುಗ ಒಮಾಹಾ ತಲುಪಿದ. ಅಲ್ಲಿನ ದಿನಚರಿಯನ್ನು ಅವನ ತಾಯಿ ಫ್ರಿಜ್ಜಿನ ಮೇಲೆ ಅಂಟಿಸಿಕೊಂಡಿದ್ದರು, ಮಗ ಈಗೇನು ಮಾಡುತ್ತಿರಬಹುದು ಅಂತ ನೋಡಿಕೊಳ್ಳಲು. ಬೆಳಿಗ್ಗೆ ಆರೂವರೆಗೆ ಏಳುವುದು, ಅರ್ಧ ಗಂಟೆ ವ್ಯಾಯಾಮ. ಎಂಟಕ್ಕೆ ಒಬ್ಬೊಬ್ಬರೇ ಧರ್ಮಗ್ರಂಥ ಓದುವುದು, ಒಂಬತ್ತಕ್ಕೆ ಇಬ್ಬರೂ ಕೂತು ಓದುವುದು. ಹತ್ತಕ್ಕೆ ಬೀದಿಗೆ. ರಾತ್ರಿ ಒಂಬತ್ತಕ್ಕೆ ಮನೆ, ನಾಳೆಯ ಯೋಜನೆ, ಹತ್ತೂವರೆಗೆ ದೀಪ ಆರಬೇಕು. 2017ರಲ್ಲಿ ಇದನ್ನು ಸ್ವಲ್ಪ ಸಡಿಲಿಸಿ, ಊರಿಗೆ ತಕ್ಕ ಹಾಗೆ ಆಚೀಚೆ ಮಾಡಿಕೊಳ್ಳಲು ಬಿಟ್ಟಿದ್ದಾರೆ, ಆದರೂ ಮೂಲ ಅದೇ. ವಾರಕ್ಕೊಂದು ದಿನ, ಸಾಮಾನ್ಯವಾಗಿ ಸೋಮವಾರ, ಪಿ-ಡೇ, ಅಂದರೆ ಪ್ರಿಪರೇಶನ್ ಡೇ. ಬಟ್ಟೆ ಒಗೆಯುವುದು, ದಿನಸಿ ತರುವುದು, ಕ್ಷೌರ, ಮನೆಗೆ ಫೋನು. ಈ ಫೋನೂ ಹೊಸದೇ. 2019ರ ಫೆಬ್ರವರಿಯವರೆಗೆ ಮನೆಯವರ ದನಿ ಕೇಳುವುದು ವರ್ಷಕ್ಕೆರಡೇ ಸಲ, ಕ್ರಿಸ್‌ಮಸ್‌ಗೆ ಮತ್ತು ತಾಯಂದಿರ ದಿನಕ್ಕೆ. ಈ ಸುಧಾರಣೆಯ ಬಗ್ಗೆ ಬೀದಿಯಲ್ಲಿ ಎರಡು ಅಭಿಪ್ರಾಯಗಳಿವೆ. ಗಂಡಸರು ‘ನಮ್ಮ ಕಾಲದಲ್ಲಿ ಕಾಗದ ಮಾತ್ರ’ ಅನ್ನುತ್ತಾರೆ. ಹೆಂಗಸರು ಮಾತಾಡುವುದಿಲ್ಲ, ಸೋಮವಾರ ಫೋನು ಕೈಯಲ್ಲೇ ಹಿಡಿದು ಓಡಾಡುತ್ತಾರೆ.

ಸಂಬಳವಿಲ್ಲ ಅನ್ನುವುದು ಎಲ್ಲರಿಗೂ ಗೊತ್ತು. ಆದರೆ ಖರ್ಚೂ ಇವರದೇ. ಅಮೆರಿಕದಿಂದ ಹೋಗುವವರು 2020ರಿಂದ ತಿಂಗಳಿಗೆ 500 ಡಾಲರ್ ಕಟ್ಟಬೇಕು. ದುಬಾರಿ ಊರಿಗೆ ಹೋದರೂ ಅಷ್ಟೇ, ಅಗ್ಗದ ಊರಿಗೆ ಹೋದರೂ ಅಷ್ಟೇ. ಲೆಕ್ಕ ಹಾಕಿದರೆ ಎರಡು ವರ್ಷಕ್ಕೆ 12,000 ಡಾಲರ್. ನಮ್ಮ ಹುಲ್ಲು ಕತ್ತರಿಸಿದ ದುಡ್ಡೂ ಅದರಲ್ಲಿ ಸೇರಿದೆ. ಒಂದರ್ಥದಲ್ಲಿ ನಾನೂ ಮತಪ್ರಚಾರಕ್ಕೆ ವಂತಿಗೆ ಕೊಟ್ಟ ಹಾಗಾಯಿತು ಅಂತ ನನ್ನ ಗಂಡ ರೇಗಿಸುತ್ತಾರೆ.

ಊಟದ ವ್ಯವಸ್ಥೆ ಮಾತ್ರ ನನಗೆ ತೀರಾ ಪರಿಚಿತವಾದದ್ದು. ಪ್ರತಿ ವಾರ್ಡ್‌ನಲ್ಲೂ, ಅಂದರೆ ಚರ್ಚಿನ ಪ್ರತಿ ಬಡಾವಣೆಯಲ್ಲೂ, ಒಂದು ಕ್ಯಾಲೆಂಡರು ಕೈಯಿಂದ ಕೈಗೆ ಹೋಗುತ್ತೆ. ಯಾವ ದಿನ ಯಾರ ಮನೆಯಲ್ಲಿ ಮಿಷನರಿಗಳಿಗೆ ರಾತ್ರಿಯೂಟ ಅಂತ ಹೆಸರು ಬರೆಯಬೇಕು. ಥೇಟ್ ವಾರಾನ್ನ. ನನ್ನಜ್ಜ ತುಮಕೂರಿನಲ್ಲಿ ಓದಿದ್ದು ಹೀಗೇ. ಸೋಮವಾರ ಒಂದು ಮನೆ, ಮಂಗಳವಾರ ಇನ್ನೊಂದು, ಒಂದು ಮನೆಯಲ್ಲಿ ಮಾತ್ರ ತುಪ್ಪ. ಆ ತುಪ್ಪದ ಮನೆಯ ಹೆಸರನ್ನು ಅಜ್ಜ ಎಂಬತ್ತು ದಾಟಿದ ಮೇಲೂ ಮರೆತಿರಲಿಲ್ಲ. ಒಮಾಹಾದಿಂದ ಬಂದ ಹುಡುಗನೂ ಹಾಗೇ, ಬೈಬಲ್ಲಿನ ವಚನಕ್ಕಿಂತ ಚೆನ್ನಾಗಿ ಯಾರ ಮನೆಯಲ್ಲಿ ಏನು ಬಡಿಸಿದರು ಅನ್ನುವುದನ್ನು ಹೇಳುತ್ತಾನೆ.

ನಮ್ಮ ಬೀದಿಗೂ ಬೇರೆ ರಾಜ್ಯಗಳಿಂದ ಇಂಥ ಜೋಡಿಗಳು ಬರುತ್ತವೆ. ಒಂದು ಜನವರಿಯ ಸಂಜೆ ಕರೆಗಂಟೆ ಬಾರಿಸಿತು. ಮೆಟ್ಟಿಲ ಮೇಲೆ ಇಬ್ಬರು ಹುಡುಗರು, ಮೂಗು ಕೆಂಪು, ಟೈ ಮೇಲೆ ಮಂಜಿನ ಹುಡಿ. ಪಕ್ಕದ ಮನೆಯವರನ್ನು ಕೇಳಿಕೊಂಡು ಬಂದಿದ್ದರು, ಅವರು ಇರಲಿಲ್ಲ. ಬನ್ನಿ ಒಳಗೆ ಅಂದೆ. ‘ಮನೆಯಲ್ಲಿ ಬೇರೆ ಯಾರಾದರೂ ಇದ್ದಾರಾ ಮ್ಯಾಮ್?’ ಅಂದ ಒಬ್ಬ. ಗಂಡ ಆಫೀಸಿನಿಂದ ಬಂದಿರಲಿಲ್ಲ, ಮಗ ಕರಾಟೆ ಕ್ಲಾಸಿನಲ್ಲಿದ್ದ. ಹಾಗಾದರೆ ಬರುವಂತಿಲ್ಲ, ಕ್ಷಮಿಸಿ ಅಂದರು. ಹೆಂಗಸೊಬ್ಬಳೇ ಇರುವ ಮನೆಗೆ ಕಾಲಿಡಬಾರದು, ಜೊತೆಗೆ ಇಬ್ಬರಿದ್ದರೂ. ಮನೆಗೆ ಬಂದವರನ್ನು ಹೊಸಿಲಾಚೆ ನಿಲ್ಲಿಸಿ ನೀರು ಕೊಟ್ಟು ನನಗೆ ಅಭ್ಯಾಸವಿಲ್ಲ. ಏನಾದರೂ ಬಿಸಿ ಕೊಡೋಣವೆಂದರೆ ಡಿಕಾಕ್ಷನ್ ಇವರ ಪಾಲಿಗೆ ನಿಷಿದ್ಧ, ಟೀಯೂ ನಿಷಿದ್ಧ. ಕೊನೆಗೆ ಕೊತ್ತಂಬರಿ ಬೀಜ, ಜೀರಿಗೆಯ ಕಷಾಯಕ್ಕೆ ಹಾಲು ಬೆಲ್ಲ ಹಾಕಿ ಎರಡು ಲೋಟ ತಂದೆ. ಒಬ್ಬ ಮೂಸಿ ನೋಡಿ, ‘ಇದರಲ್ಲಿ ಟೀ ಎಲೆ ಇದೆಯಾ?’ ಅಂದ. ಇಲ್ಲ ಮಗ, ಧನಿಯಾ ಅಂದೆ. ಇಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡರು, ಕಣ್ಣಲ್ಲೇ ಏನೋ ತೀರ್ಮಾನವಾಯಿತು, ಕುಡಿದರು. ನಾನು ಶಾಲು ಹೊದ್ದು ಬಾಗಿಲಲ್ಲಿ, ಅವರು ಮೆಟ್ಟಿಲ ಮೇಲೆ. ಧರ್ಮದ ಮಾತೇ ಬರಲಿಲ್ಲ. ಒಬ್ಬನಿಗೆ ನಾಯಿ ನೆನಪಾಗುತ್ತಿತ್ತು, ಅವನ ಅಮ್ಮ ಫೋನಿನಲ್ಲಿ ನಾಯಿಯನ್ನು ತೋರಿಸುತ್ತಾರಂತೆ, ಅದು ಪರದೆಯಲ್ಲಿ ಇವನನ್ನು ಗುರುತಿಸುವುದಿಲ್ಲವಂತೆ. ಇನ್ನೊಬ್ಬ, ‘ಇವನು ರಾತ್ರಿ ನಿದ್ದೆಯಲ್ಲಿ ನಾಯಿಯನ್ನ ಕರೀತಾನೆ’ ಅಂದ, ಅಣಕಿಸುವ ಹಾಗೆ ಅಲ್ಲ, ಜ್ವರ ಎಷ್ಟಿದೆ ಅಂತ ಹೇಳುವ ಹಾಗೆ.

ಅವತ್ತಿನಿಂದ ನನಗೆ ಈ ಜೋಡಿಯ ಕಟ್ಟಳೆಯ ಬಗ್ಗೆ ಯೋಚನೆ ಹೆಚ್ಚಾಯಿತು. ಏಸು ಶಿಷ್ಯರನ್ನು ಇಬ್ಬಿಬ್ಬರನ್ನಾಗಿ ಕಳಿಸಿದ ಅಂತ ಬೈಬಲ್ಲಿನಲ್ಲೇ ಇದೆ. ಸುರಕ್ಷತೆ, ಸಾಕ್ಷಿ, ಪ್ರಲೋಭನೆಗೆ ತಡೆ, ಎಲ್ಲ ಸರಿ. ಆದರೆ ಒಬ್ಬನ ನಿದ್ದೆಯ ಮಾತು ಇನ್ನೊಬ್ಬನಿಗೆ ಗೊತ್ತಿರುವ ಕಡೆ ಅನುಮಾನಕ್ಕೆ ಜಾಗ ಎಲ್ಲಿ?

ತೋಪು

ಈ ಧರ್ಮ ಹುಟ್ಟಿದ್ದೇ ಒಬ್ಬ ಹುಡುಗ ಒಬ್ಬನೇ ಹೋದದ್ದರಿಂದ. 1820ರಲ್ಲಿ, ನ್ಯೂಯಾರ್ಕ್ ರಾಜ್ಯದ ಪಾಲ್ಮೈರಾ ಹತ್ತಿರ, ಹದಿನಾಲ್ಕು ವರ್ಷದ ಜೋಸೆಫ್ ಸ್ಮಿತ್‌ಗೆ ಯಾವ ಚರ್ಚು ಸರಿ ಅನ್ನುವ ಗೊಂದಲ. ಕೇಳಬೇಕಾದದ್ದು ದೇವರನ್ನೇ ಅಂತ ಮನೆಯ ಹತ್ತಿರದ ಮರಗಳ ತೋಪಿಗೆ ಹೋಗಿ ಮಂಡಿಯೂರಿದ. ಅಲ್ಲಿ ದರ್ಶನವಾಯಿತು ಅನ್ನುವುದು ಇವರ ನಂಬಿಕೆಯ ಬುಡ. ಮುಂದೆ 1830ರಲ್ಲಿ ಬುಕ್ ಆಫ್ ಮಾರ್ಮನ್ ಅಚ್ಚಾಯಿತು, ಚರ್ಚೂ ಶುರುವಾಯಿತು. ಆ ಗ್ರಂಥದ ಕೊನೆಯಲ್ಲೂ ಇದೇ ಮಾತು: ಓದು, ಪ್ರಾಮಾಣಿಕವಾಗಿ ದೇವರನ್ನು ಕೇಳು, ನಿಜವೋ ಸುಳ್ಳೋ ನಿನಗೇ ತಿಳಿಯುತ್ತೆ. ಮಿಷನರಿಗಳು ಬಾಗಿಲು ಬಾಗಿಲಿಗೆ ಹೋಗಿ ಹೇಳುವುದೂ ಅದನ್ನೇ, ನಮ್ಮ ಮಾತು ನಂಬಬೇಡಿ, ನೀವೇ ಕೇಳಿ ನೋಡಿ ಅಂತ. ಅಂದರೆ ಬಾಗಿಲ ಆಚೆಯವನಿಗೆ ಏಕಾಂತ ಕೊಡುತ್ತಾರೆ. ಈಚೆ ನಿಂತ ಹುಡುಗನಿಗೆ ಮಾತ್ರ ಅದು ಇಲ್ಲ. ಈ ವಿಪರ್ಯಾಸ ನನ್ನ ಕಣ್ಣಿಗೇ ಯಾಕೆ ಬಿತ್ತು ಅಂದರೆ, ನಮ್ಮ ಕಡೆ ತಪಸ್ಸಿಗೆ ಜೊತೆಗಾರನನ್ನು ಕರೆದುಕೊಂಡು ಹೋದವರ ಕತೆ ನಾನು ಕೇಳಿಲ್ಲ.

ಹುಡುಗ ವಾಪಸ್ ಬಂದ ಮೇಲೆ ಒಂದು ಮಧ್ಯಾಹ್ನ ನಮ್ಮ ಅಡುಗೆಮನೆಯಲ್ಲಿ ಕೂತು ಚಿತ್ರಾನ್ನ ತಿನ್ನುತ್ತಿದ್ದ. ಕಡಲೆಬೀಜವನ್ನು ಪಕ್ಕಕ್ಕೆ ಕೂಡಿಟ್ಟು ಕೊನೆಗೆ ಒಟ್ಟಿಗೆ ತಿನ್ನುವುದು ಚಿಕ್ಕಂದಿನಿಂದ ಅವನ ಅಭ್ಯಾಸ. ನಾನು ಕೇಳಿಯೇಬಿಟ್ಟೆ: ‘ಎರಡು ವರ್ಷದಲ್ಲಿ ಒಂದು ದಿನವೂ ಇದೆಲ್ಲ ಸುಳ್ಳಿರಬಹುದು ಅನ್ನಿಸಲಿಲ್ವೇನಪ್ಪ?’

ಅವನು ಕೂಡಲೇ ಉತ್ತರ ಕೊಡಲಿಲ್ಲ. ಆಮೇಲೆ ಅವನ ಮಾತು ಒಮಾಹಾದ ಒಂದು ಮನೆಯಿಂದ ಶುರುವಾಯಿತು. ಊರಿನ ಉತ್ತರ ಭಾಗದಲ್ಲಿ ಕಪ್ಪು ಜನ ಹೆಚ್ಚು. ಅಲ್ಲೊಬ್ಬ ವಯಸ್ಸಾದವರು ಬಾಗಿಲು ತೆಗೆದು, ಇವರಿಬ್ಬರನ್ನೂ ಕೂರಿಸಿ, ನಿಂಬೆ ಪಾನಕ ಕೊಟ್ಟು, ಪೂರ್ತಿ ಕೇಳಿಸಿಕೊಂಡರಂತೆ. ಆಮೇಲೆ ಒಂದೇ ಪ್ರಶ್ನೆ. ‘ನಾನು ಹರೆಯದಲ್ಲಿದ್ದಾಗ ನಿಮ್ಮ ಚರ್ಚಿಗೆ ಬಂದಿದ್ದರೆ ನಿಮ್ಮ ಪೌರೋಹಿತ್ಯ ನನಗೆ ಕೊಡ್ತಿದ್ರಾ?’ ಕೊಡುತ್ತಿರಲಿಲ್ಲ. ಇವರಲ್ಲಿ ಹನ್ನೆರಡು ದಾಟಿದ ಹುಡುಗರಿಗೆಲ್ಲ ಸಿಗುವ ಪೌರೋಹಿತ್ಯ 1978ರ ಜೂನ್‌ವರೆಗೆ ಕಪ್ಪು ಗಂಡಸರಿಗೆ ಇರಲಿಲ್ಲ. ಹುಡುಗನಿಗೆ ಇದು ಗೊತ್ತಿತ್ತು, ಪಾಠದಲ್ಲಿ ಒಂದು ಪ್ಯಾರಾ ಇತ್ತು. ಆದರೆ ಪಾನಕದ ಲೋಟ ಕೈಯಲ್ಲಿದ್ದಾಗ ಆ ಪ್ಯಾರಾ ನೆನಪಿಗೆ ಬರಲಿಲ್ಲ. ಜೊತೆಯವನು ಬ್ಯಾಗಿನಿಂದ ಏನೋ ತೆಗೆಯಲು ಹೋದ. ಆ ಹಿರಿಯರು, ‘ಬೇಡ ಬಿಡು ಮಗ, ನೀನು ಹುಟ್ಟೇ ಇರಲಿಲ್ಲ’ ಅಂದು ಬಾಗಿಲವರೆಗೆ ಬಂದು ಕಳಿಸಿಕೊಟ್ಟರಂತೆ.

‘ಅವರು ಬೈದಿದ್ದರೆ ಸುಲಭವಾಗಿತ್ತು’ ಅಂದ. ಬೈಯುವವರು ದಿನಾ ಸಿಗುತ್ತಾರೆ, ಅದು ನಂಬಿಕೆಯನ್ನು ಗಟ್ಟಿ ಮಾಡುತ್ತೆ, ಹಿರೀಕರನ್ನೂ ಹೀಗೇ ಓಡಿಸಿದ್ದರು ಅನ್ನುವ ಹೆಮ್ಮೆ ಕೊಡುತ್ತೆ. ಆ ರಾತ್ರಿ ದೀಪ ಆರುವ ಮುಂಚೆ ಅವನು ಬಚ್ಚಲುಮನೆಗೆ ಹೋಗಿ ಚಿಲಕ ಹಾಕಿಕೊಂಡ. ನಲ್ಲಿ ಬಿಟ್ಟು, ಟಬ್ಬಿನ ಅಂಚಿನ ಮೇಲೆ ಕೂತು ಕೇಳಿದ. ಇದು ನಿಜವೇ? ‘ಅದೇ ನನ್ನ ತೋಪು’ ಅಂತ ನಕ್ಕ. ಏನಾದರೂ ತಿಳಿಯಿತಾ ಅಂದೆ. ಇಲ್ಲ, ಏನೂ ಇಲ್ಲ, ನೀರಿನ ಸದ್ದು ಅಷ್ಟೇ.

ಹೊರಗೆ ಬಂದರೆ ಕಂಪ್ಯಾನಿಯನ್ ಬಾಗಿಲ ಎದುರು ನೆಲದ ಮೇಲೆ ಕೂತಿದ್ದ. ಐಡಾಹೋದ ಆಲೂಗಡ್ಡೆ ಬೆಳೆಯುವವರ ಮಗ. ಅದುವರೆಗೆ ಇವನಿಗೂ ಅವನಿಗೂ ಅಷ್ಟಕ್ಕಷ್ಟೆ. ಅವನು ಪಾತ್ರೆ ತೊಳೆಯುವುದಿಲ್ಲ, ಇವನು ಅಲಾರಂ ಆರಿಸಿ ಮಲಗುತ್ತಾನೆ. ಅವನು ಏನಾಯಿತು ಅಂತ ಕೇಳಲಿಲ್ಲ, ಧರ್ಮಗ್ರಂಥ ತೆಗೆಯಲಿಲ್ಲ. ‘ನಂಗೂ ಉತ್ತರ ಗೊತ್ತಿಲ್ಲ’ ಅಂದನಂತೆ. ಆಮೇಲೆ ಇಬ್ಬರೂ ಹತ್ತೂವರೆಯ ನಿಯಮ ಮುರಿದು ಅಡುಗೆಮನೆಯಲ್ಲಿ ನಿಂತು ಹಾಲಿಗೆ ಸೀರಿಯಲ್ ಹಾಕಿಕೊಂಡು ತಿಂದರು. ಮಾರನೆಯ ದಿನ ಆರೂವರೆಗೆ ಎದ್ದರು.

ನಾನು ಹುಡುಗನಿಗೆ ಹೇಳದೆ ಉಳಿಸಿಕೊಂಡ ಮಾತು ಇದು. ಅವನ ನಂಬಿಕೆ ಆ ರಾತ್ರಿ ಉಳಿದದ್ದು ಬಚ್ಚಲಿನೊಳಗಿನ ಪ್ರಾರ್ಥನೆಯಿಂದಲ್ಲ, ಹೊರಗೆ ನೆಲದ ಮೇಲೆ ಕೂತವನಿಂದ. ಅದನ್ನು ಅವನು ದೇವರ ಉತ್ತರ ಅನ್ನುತ್ತಾನೆ. ನನಗೆ ಅದು ಐಡಾಹೋದ ಹುಡುಗನ ಒಳ್ಳೆಯತನ. ಇಷ್ಟಾದರೂ ಆ ಕಟ್ಟಳೆ ನನಗೆ ಪೂರ್ತಿ ಒಪ್ಪಿಗೆಯಾಗಿಲ್ಲ. ಬಾಗಿಲ ಹೊರಗೆ ಬೇರೆ ಥರದವನು ಕೂತಿದ್ದರೆ? ಇವನ ಪ್ರಶ್ನೆಯನ್ನು ಮೇಲಿನವರಿಗೆ ವರದಿ ಮಾಡುವವನು, ಅಥವಾ ಇನ್ನೂ ಜೋರಾಗಿ ಪ್ರಾರ್ಥಿಸು ಅನ್ನುವವನು? ಜೊತೆಗಾರ ಯಾರು ಅನ್ನುವುದರ ಮೇಲೆ ಒಬ್ಬನ ದೇವರು ನಿಂತಿದ್ದರೆ, ಆರು ವಾರಕ್ಕೊಮ್ಮೆ ಬದಲಾಗುವ ಪಟ್ಟಿಗೆ ತುಂಬಾ ಭಾರ ಹೊರಿಸಿದ ಹಾಗೆ.

ಬೇಗ ಬಂದವನು

ನಮ್ಮ ಹಿಂದಿನ ಬೀದಿಯ ಇನ್ನೊಬ್ಬ ಹುಡುಗ ಹೋದ ಕೆಲವೇ ತಿಂಗಳಿಗೆ ವಾಪಸ್ ಬಂದ. ರಾತ್ರಿ ಉಸಿರು ಕಟ್ಟಿದಂತಾಗುತ್ತಿತ್ತಂತೆ, ಡಾಕ್ಟರು ಆತಂಕದ ತೊಂದರೆ ಅಂದರು. ಪಕ್ಕದ ಮನೆಯವನು ಬಂದಾಗ ಸಾಲ್ಟ್ ಲೇಕ್ ವಿಮಾನ ನಿಲ್ದಾಣದಲ್ಲಿ ಬ್ಯಾನರು, ಬಲೂನು, ಕಿರುಚಾಟ ಎಲ್ಲ ಇತ್ತು. ಇವನನ್ನು ಅಪ್ಪ ಒಬ್ಬರೇ ಹೋಗಿ ಕರೆದುಕೊಂಡು ಬಂದರು. ಯಾರೂ ಕೆಟ್ಟ ಮಾತಾಡಲಿಲ್ಲ, ಹಾಗಂತ ಹೇಳಲೇಬೇಕು. ಅಡುಗೆ ಮಾಡಿ ಕಳಿಸಿದರು, ಕಾರ್ಡು ಕಳಿಸಿದರು. ಊರಿನಲ್ಲೇ ಇದ್ದುಕೊಂಡು ಮಾಡುವ ಸೇವಾ ಮಿಷನ್ ಇದೆ, ಅವನು ಆಮೇಲೆ ಅದಕ್ಕೆ ಸೇರಿ ಬಡವರಿಗೆ ದಿನಸಿ ಹಂಚುವ ಕೆಲಸ ಮಾಡಿದ. ಅವನ ಎದೆಯ ಮೇಲೂ ಬೇರೆ ಮಿಷನರಿಗಳ ಥರದ್ದೇ ಹೆಸರಿನ ಕಪ್ಪು ಬ್ಯಾಡ್ಜು ಇತ್ತು. ಆದರೂ ‘ನಿನ್ನ ಮಿಷನ್ ಎಲ್ಲಿ?’ ಅನ್ನುವುದು ಇಲ್ಲಿ ಹೊಸಬರನ್ನು ಕೇಳುವ ಮೊದಲ ಪ್ರಶ್ನೆಗಳಲ್ಲೊಂದು, ಕೆಲಸದ ಇಂಟರ್‌ವ್ಯೂನಲ್ಲೂ, ಮದುವೆಯ ಮಾತಿನಲ್ಲೂ. ಉತ್ತರ ಹೇಳುವ ಮುಂಚೆ ಅವನು ನೆಲ ನೋಡುವುದನ್ನು ನಾನು ನೋಡಿದ್ದೇನೆ.

2024ರ ಕೊನೆಗೆ ಜಗತ್ತಿನಾದ್ಯಂತ ಇಂಥ 74 ಸಾವಿರಕ್ಕೂ ಹೆಚ್ಚು ಮಿಷನರಿಗಳಿದ್ದರು. ಅಷ್ಟು ಮಕ್ಕಳಲ್ಲಿ ಉಸಿರು ಕಟ್ಟುವವರು ಇದ್ದೇ ಇರುತ್ತಾರೆ. ಒಬ್ಬನೇ ಇರಬಾರದು ಅನ್ನುವ ನಿಯಮ ಕೆಲವರನ್ನು ಎತ್ತಿ ಹಿಡಿಯುತ್ತೆ, ಕೆಲವರಿಗೆ ಅದೇ ಗಾಳಿ ಇಲ್ಲದ ಕೋಣೆ. ಯಾರಿಗೆ ಯಾವುದು ಅನ್ನುವುದು ಹೋದ ಮೇಲೆಯೇ ಗೊತ್ತಾಗುವುದು ಅನ್ನುವುದಷ್ಟೇ ನನ್ನ ತಕರಾರು.

ಈಗ ಪಕ್ಕದ ಮನೆಯಲ್ಲಿ ತಂಗಿಯ ಸರದಿ. ಹುಡುಗರಿಗಿದ್ದ ಹಾಗೆ ಹುಡುಗಿಯರಿಗೆ ಇದು ಕರ್ತವ್ಯವಲ್ಲ, ಇಷ್ಟವಿದ್ದರೆ ಹೋಗಬಹುದು, ಹದಿನೆಂಟು ತಿಂಗಳು. 2012ರಲ್ಲಿ ಅವರ ವಯಸ್ಸಿನ ಮಿತಿಯನ್ನು ಇಪ್ಪತ್ತೊಂದರಿಂದ ಹತ್ತೊಂಬತ್ತಕ್ಕೆ ಇಳಿಸಿದ ಮೇಲೆ ಹೋಗುವವರು ತುಂಬಾ ಹೆಚ್ಚಿದ್ದಾರೆ. ಅವಳು ಚುರುಕು, ಅಣ್ಣನ ಹಾಗೆ ಬಸ್ಸಿಗೆ ಓಡಿದವಳಲ್ಲ. ಮೊನ್ನೆ ಬೇಲಿಯ ಹತ್ತಿರ ನಿಂತು, ನೆಬ್ರಾಸ್ಕಾ ಆದರೂ ಸರಿ, ಮಂಗೋಲಿಯಾ ಆದರೂ ಸರಿ, ಜೊತೆಗೆ ಯಾರನ್ನು ಹಾಕುತ್ತಾರೆ ಅಂತ ಮೊದಲೇ ಹೇಳಿದರೆ ಇವತ್ತೇ ಅರ್ಜಿ ತುಂಬುತ್ತೇನೆ ಅಂದಳು. ಅದೊಂದನ್ನು ಮಾತ್ರ ಹೇಳಲ್ಲ ಅಂತ ಅಣ್ಣ ನಕ್ಕ. ‘ಹಾಗಾದ್ರೆ ಮೊದಲು ಒಂದು ವರ್ಷ ಕಾಲೇಜು’ ಅಂದು ಅವಳು ಹುಲ್ಲು ಕತ್ತರಿಸುವ ಮಿಷನ್ನನ್ನು ನಮ್ಮ ಅಂಗಳಕ್ಕೆ ತಳ್ಳಿಕೊಂಡು ಬಂದಳು. ಅಣ್ಣ ತೆಗೆದುಕೊಳ್ಳುತ್ತಿದ್ದುದಕ್ಕಿಂತ ಐದು ಡಾಲರ್ ಜಾಸ್ತಿ ಕೇಳುತ್ತಾಳೆ, ಅಂಚು ಸವರುವುದಕ್ಕೆ ಬೇರೆ.